ಮೇ ತಿಂಗಳ ಕೃಷ್ಣೆಗೆ ಗಾಳ ಹಾಕಲು ಬರುವವರಿಗೆ

ಬೇಸಿಗೆ ರಜೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬರುವವರ ಚೀಲದಿಂದ ಮಡಚುವ ಗಾಳದ ಕೋಲು ಇಣುಕುವುದನ್ನು ಈಚೆಗೆ ಆಗಾಗ ಕಾಣುತ್ತೇನೆ. ಕೆಲವರು ಪುಣೆ, ಬೆಂಗಳೂರಿನವರು. ಇನ್ನು ಕೆಲವರು ಕೆನಡಾದಲ್ಲೋ ಅಮೆರಿಕದ ಉತ್ತರದ ರಾಜ್ಯಗಳಲ್ಲೋ ನೆಲೆಸಿ, ಮಕ್ಕಳನ್ನು ಅಜ್ಜ-ಅಜ್ಜಿಯರಿಗೆ ತೋರಿಸಲು ಬಂದವರು. ಆ ಸೀಮೆಯಲ್ಲಿ ಮೇ ಎಂದರೆ ಸರೋವರದ ಮೇಲಿನ ಹಿಮ ಕರಗಿ ನೀರು ಆಗಷ್ಟೇ ಬೆಚ್ಚಗಾಗುವ ಕಾಲ. ಮಿನೆಸೋಟಾದಲ್ಲಿ ಮೀನು ಹಿಡಿಯುವ ಋತು ಶುರುವಾಗುವುದೇ ಮೇ ನಡುವಿಗೆ. ಚಳಿಗೆ ಮಂಕು ಬಡಿದಿದ್ದ ಮೀನು ಬಿಸಿಲು ಹುಡುಕಿಕೊಂಡು ದಂಡೆಯ ತೆಳು ನೀರಿಗೆ ಬರುವುದರಿಂದ ಅಲ್ಲಿ ನಡುಹಗಲೂ ಒಳ್ಳೆಯ ಹೊತ್ತೇ. ಅದೇ ರೂಢಿಯಲ್ಲಿ ಇಲ್ಲಿ ಊಟ ಮುಗಿಸಿ ಎರಡು ಗಂಟೆಗೆ ಹೊಳೆಗೆ ಹೊರಟರೆ ಮೀನೂ ಸಿಗುವುದಿಲ್ಲ, ನೆತ್ತಿಯೂ ಸುಟ್ಟುಹೋಗುತ್ತದೆ.

ಗಲಗಲಿಯ ಹತ್ತಿರ ಹೊಳೆದಂಡೆಯಲ್ಲಿ ಒಮ್ಮೆ ನಾನೂ ಹಾಗೆ ಕೂತಿದ್ದೆ. ಬಲೆ ಹೆಣೆಯುತ್ತಿದ್ದ ಅಂಬಿಗರ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ, “ನಡು ಮಧ್ಯಾಹ್ನ ನೀ ಬೇವಿನ ಗಿಡದ ಬುಡಕ ಹೋಗಿ ಕುಂಡ್ರತಿ. ಮೀನಿಗೇನ ನೆಳ್ಳ ಬ್ಯಾಡೇನ್ ತಮ್ಮಾ?” ಎಂದು ಕೇಳಿದರು. ನಾನು ಸುಮ್ಮನೆ ದಾರ ಸುತ್ತಿದೆ. ಈ ಭಾಗದ ಬೇಸಿಗೆಯ ಮೀನುಗಾರಿಕೆಯನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಮೀನಿಗೆ ನೆರಳಷ್ಟೇ ಅಲ್ಲ, ಉಸಿರೂ ಬೇಕು. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 15 ಡಿಗ್ರಿಯ ನೀರು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆಯಷ್ಟು ಮಾತ್ರ. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ದಂಡೆಯ ಮೊಳಕಾಲುದ್ದದ ನೀರು ಕೈಯಿಟ್ಟರೆ ಬಿಸಿ ತಾಗುತ್ತದೆ. ಬೆಳಗಿನ ತಂಪಿನಲ್ಲಿ ಮೇಯಲು ದಂಡೆಗೆ ಬಂದ ಗೆಂಡೆ, ರೋಹು ಒಂಬತ್ತರ ಹೊತ್ತಿಗೆ ಮಡುವಿಗೆ ಹಿಂತಿರುಗುತ್ತವೆ. ಆದ್ದರಿಂದ ಹೊತ್ತು ಹೀಗಿಟ್ಟುಕೊಳ್ಳಿ: ನಸುಕಿನ ಐದೂವರೆಯಿಂದ ಒಂಬತ್ತರವರೆಗೆ, ಮತ್ತೆ ಸಂಜೆ ಐದರಿಂದ ಕತ್ತಲಾಗುವ ಮೊದಲು. ನಡುವಿನ ಎಂಟು ತಾಸು ನಿಮ್ಮ ನಿದ್ದೆಗೆ, ಊಟಕ್ಕೆ, ರಬಕವಿ-ಬನಹಟ್ಟಿಯಲ್ಲಿ ಸೀರೆ ನೋಡುವುದಕ್ಕೆ.

ಇದಕ್ಕೊಂದು ಅಪವಾದವಿದೆ. ಹಸಿರು ಪಾಚಿಗಟ್ಟಿ ನಿಂತ ಚಿಕ್ಕ ಕೆರೆಯಲ್ಲಿ ನಸುಕಿನ ಹೊತ್ತೇ ಕೆಟ್ಟದ್ದು. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ಇರುಳಿಡೀ ತಾನೇ ಅದನ್ನು ಬಳಸುತ್ತದೆ. ಹೀಗಾಗಿ ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಅದು ಹಸಿವೆಯಲ್ಲ, ಸಂಕಟ. ಅಂಥ ನೀರಿನಲ್ಲಿ ಗಾಳ ಹಾಕಬೇಡಿ. ಹಾಕಿದರೂ ಕಚ್ಚುವುದಿಲ್ಲ. ಬಿಸಿಲೇರಿ ಒಂದೆರಡು ತಾಸು ಕಳೆಯಲಿ, ಇಲ್ಲವೆ ಹೊಳೆಗೇ ಹೋಗಿ.

ಯಾವ ನೀರು, ಎಲ್ಲಿ

ನಾಲ್ಕೂ ತಾಲ್ಲೂಕುಗಳು ಎರಡು ಹೊಳೆಗಳ ಮಕ್ಕಳು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಎರಡೂ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಮೇ ತಿಂಗಳಲ್ಲಿ ಇವನ್ನು ಹರಿಯುವ ಹೊಳೆ ಎಂದು ಎಣಿಸಿ ಬರಬೇಡಿ. ಬ್ಯಾರೇಜು, ಬಾಂದಾರಗಳ ಹಿಂದೆ ನಿಂತ ಉದ್ದುದ್ದ ನೀರು, ನಡುನಡುವೆ ಉಸುಕು, ಬಂಡೆ, ಮಡು. ಉದ್ದವಾದ ಕೆರೆಗಳ ಸಾಲು ಎಂದುಕೊಂಡರೆ ಸರಿಯಾದೀತು.

ಪಶ್ಚಿಮದಲ್ಲಿ ಹಿಪ್ಪರಗಿ ಬ್ಯಾರೇಜು. 6 ಟಿಎಂಸಿ ನೀರು ಹಿಡಿಯುವ ಇದರ ಹಿನ್ನೀರು ಬೇಸಿಗೆಯಲ್ಲಿ ಸುತ್ತಲಿನ ಊರುಗಳ ಕುಡಿಯುವ ನೀರಿನ ಆಸರೆ. ಬರದ ವರ್ಷಗಳಲ್ಲಿ ಮಹಾರಾಷ್ಟ್ರದ ಕೊಯ್ನಾ, ವಾರಣಾ ಜಲಾಶಯಗಳಿಂದ ನೀರು ಬಿಡಿಸಿಕೊಳ್ಳಲು ಕರ್ನಾಟಕ ಪತ್ರದ ಮೇಲೆ ಪತ್ರ ಬರೆಯುವುದು ಈ ಹಿನ್ನೀರಿಗಾಗಿಯೇ. ಬರುವ ಮೊದಲು ಆ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ. ನೀರು ಬಿಟ್ಟ ವಾರದಲ್ಲಿ ಇಲ್ಲಿಯ ಮೀನಿನ ಚಲನೆಯೇ ಬದಲಾಗುತ್ತದೆ. ಹೊಸ ನೀರು ಹರಿದು ಬರುವ ಬಾಯಿಯ ಹತ್ತಿರ, ನೊರೆ ಸುತ್ತುವ ಜಾಗದಲ್ಲಿ, ಹಗಲು ಹತ್ತರವರೆಗೂ ಮೀನು ಕಚ್ಚುವುದುಂಟು.

ಅಲ್ಲಿಂದ ಕೆಳಗೆ, ಜಮಖಂಡಿ-ವಿಜಯಪುರ ರಸ್ತೆಯಲ್ಲಿ ಚಿಕ್ಕಪಡಸಲಗಿ. ಮೀನು ಸಿಗಲಿ ಬಿಡಲಿ, ಈ ಬ್ಯಾರೇಜನ್ನು ನೋಡದೆ ಹೋಗಬೇಡಿ. ಸರ್ಕಾರಕ್ಕೆ ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು 1989ರಲ್ಲಿ ಕಟ್ಟಿ ಮುಗಿಸಿದ ಬ್ಯಾರೇಜಿದು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ಅಲಂಕಾರಕ್ಕೆ ಬಂದದ್ದಲ್ಲ. ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದಾಗ ದೂರದವರಿಗೆ ಅಚ್ಚರಿಯಾಯಿತು, ಈ ದಂಡೆಯವರಿಗೆ ಆಗಲಿಲ್ಲ. ‘ಬ್ಯಾರೇಜ್ ಸಿದ್ದು’ ಎಂದೇ ಜನ ಕರೆದ ಅವರು 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ದಂಡೆಯ ಕಬ್ಬಿನ ಹಸಿರನ್ನು ಕಂಡಾಗ ಆ ಮನುಷ್ಯನನ್ನು ನೆನೆಯದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಇನ್ನೂ ಕೆಳಗೆ ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರು. ನನ್ನನ್ನು ಕೇಳಿದರೆ, ಬೇಸಿಗೆಯ ಕೊನೆಗೆ ಬರುವವರಿಗೆ ಇದೇ ಮೊದಲ ಜಾಗ. ಆಲಮಟ್ಟಿಯ ಈ ಲಾಲ್ ಬಹಾದ್ದೂರ್ ಶಾಸ್ತ್ರಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮೇ ಕೊನೆಗೆ ಅದು ಹತ್ತು ಮೀಟರಿಗೂ ಹೆಚ್ಚು ಇಳಿಯುವ ವರ್ಷಗಳಿವೆ. ನೆಲ ಸಪಾಟಾಗಿರುವುದರಿಂದ ಮಟ್ಟ ಒಂದು ಮೀಟರ್ ಇಳಿದರೆ ನೀರು ದೂರ ದೂರ ಸರಿಯುತ್ತದೆ. ಸರಿದಲ್ಲೆಲ್ಲ ಜಲಾಶಯದ ತಳವೇ ನಿಮ್ಮ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ: ಹಳೆಯ ರಸ್ತೆ, ಹೊಲದ ಒಡ್ಡು, ಹಳ್ಳದ ಜಾಡು, ಮುಳುಗಿದ ಊರಿನ ಗೋಡೆ. ಮಳೆಗಾಲದಲ್ಲಿ ಮೀನು ಎಲ್ಲಿರುತ್ತದೆ ಎಂದು ಊಹಿಸಬೇಕು. ಈಗ ನೋಡಬಹುದು.

ನೋಡುವುದು ಹೇಗೆಂದರೆ, ಆರಿದ ಕೆಸರಿನ ಮೇಲೆ ನಿಧಾನಕ್ಕೆ ನಡೆಯಿರಿ. ನೀರಂಚಿನ ಹತ್ತಿರ ರೊಟ್ಟಿ ಹಂಚಿನಷ್ಟಗಲದ ದುಂಡನೆಯ ಗುಂಡಿಗಳು ಒತ್ತೊತ್ತಾಗಿ ಕಾಣುತ್ತವೆ, ಯಾರೋ ಸಾಲಾಗಿ ಹಂಚು ಒತ್ತಿ ಎತ್ತಿದ ಹಾಗೆ. ಅವು ಜಿಲೇಬಿ ಮೀನಿನ ಗೂಡುಗಳು. ಗಂಡು ಮೀನು ಬಾಯಲ್ಲಿ ಮಣ್ಣು ಕಚ್ಚಿ ಉಗುಳಿ, ಬಾಲದಿಂದ ಗುಡಿಸಿ ಮಾಡಿದವು. ನೀರು ಇಳಿದಾಗ ಅವನ್ನು ಬಿಟ್ಟು ಇನ್ನಷ್ಟು ಆಳದಲ್ಲಿ ಹೊಸದನ್ನು ಮಾಡಿಕೊಳ್ಳುತ್ತದೆ. ಗುಂಡಿಗಳ ಸಾಲು ಯಾವ ಕಡೆಗೆ ಇಳಿದಿದೆಯೋ ಅದೇ ನೇರಕ್ಕೆ, ಸೊಂಟದಾಳದ ನೀರಿಗೆ ಗಾಳ ಬೀಳಲಿ. ಹಳೆಯ ಗೋಡೆ, ಬಾವಿಕಟ್ಟೆ, ಒಡ್ಡು ನೀರೊಳಗೆ ಇಳಿಯುವ ಮೂಲೆಗಳಲ್ಲಿ ಮೀಸೆ ಮೀನುಗಳು ಅಡಗಿರುತ್ತವೆ. ಆದರೆ ಆ ಗೋಡೆ ಯಾರದೋ ಮನೆ, ಆ ಕಟ್ಟೆ ಯಾರದೋ ಊರ ದೇವರದು. ಪುನರ್ವಸತಿ ಕೇಂದ್ರಗಳಲ್ಲಿ ಈಗ ಬದುಕುತ್ತಿರುವವರು ಬೇಸಿಗೆಯಲ್ಲಿ ನೀರಿಳಿದಾಗ ತಮ್ಮ ಹಳೆಯ ಹೊಸ್ತಿಲು ನೋಡಿ ಹೋಗಲು ಬರುತ್ತಾರೆ. ಅವರು ಬಂದರೆ ಎದ್ದು ಜಾಗ ಬಿಡಿ. ಗುಡಿಯ ಮೆಟ್ಟಿಲ ಮೇಲೆ ಮೀನು ಕೊಯ್ಯಬೇಡಿ.

ಮುಧೋಳದ ಕಡೆಯ ಘಟಪ್ರಭೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇ ತಿಂಗಳಲ್ಲಿ ಅಲ್ಲಿ ಕೊಲ್ಹಾಪುರ ಮಾದರಿಯ ಬಾಂದಾರಗಳ ಹಿಂದೆ ನಿಂತ ನೀರಷ್ಟೇ ಇರುತ್ತದೆ. ಹಿಡಕಲ್‌ನಿಂದ ನೀರು ಬಿಟ್ಟರೆ ತುಂಬೀತು, ಬಿಡದಿದ್ದರೆ ತಳ ಕಂಡೀತು. ನೀರು ಕಪ್ಪಾಗಿ, ಕೊಳೆತ ಬೆಲ್ಲದಂಥ ವಾಸನೆ ಬಂದರೆ ಆ ಮೀನು ತಿನ್ನಬೇಡಿ. ಒಂದು ಬೇಸಿಗೆಯಲ್ಲಿ ಅಂಥ ನೀರಿನ ಅಂಚಿಗೆ ಬೆಳ್ಳಗೆ ತೇಲಿ ಬಿದ್ದ ಸಾವಿರಾರು ಮೀನು ನೋಡಿದ್ದೇನೆ. ಅದರಲ್ಲಿ ಬೆರಳುದ್ದದ ಮರಿಗಳೇ ಹೆಚ್ಚಿದ್ದವು. ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ಯಾವ ಮೀನು, ಯಾವ ಎರೆ

ಹಿನ್ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಬೆಳೆಸಿದ್ದು. ಸಾಮಾನ್ಯ ಗೆಂಡೆ, ಜಿಲೇಬಿ ಎಲ್ಲೆಡೆ ಹಬ್ಬಿವೆ. ಬಾಳೆ ಮೀನು, ಕೊರವ, ಚೇಳು ಮೀನು, ಹಾವು ಮೀನು ಹೊಳೆಯ ಹಳೆಯ ವಾಸಿಗಳು. ಕೈಗಾಳದವರಿಗೆ ಮೇ ತಿಂಗಳಲ್ಲಿ ನೆಚ್ಚಬಹುದಾದದ್ದು ಗೆಂಡೆ ಮತ್ತು ಜಿಲೇಬಿ. ರೋಹು ಸಿಕ್ಕರೆ ಅದೃಷ್ಟ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುವ ಮೀನು, ಅದನ್ನು ತಳದಲ್ಲಿ ಹುಡುಕಬೇಡಿ. ಮೃಗಾಲ್ ತಳದ್ದು. ರೋಹು ಎರಡರ ನಡುವಿನದು. ಬೆಂಡಿನಿಂದ ಗಾಳದವರೆಗಿನ ದಾರದ ಉದ್ದವನ್ನು ಇದರ ಮೇಲೆ ತೀರ್ಮಾನಿಸಿ.

ಬೆಂಡು ಎಂದೆನಲ್ಲ, ಅದನ್ನು ಅಂಗಡಿಯಿಂದ ತರುವುದು ಬೇಡ. ಹಿಂಗಾರಿ ಜೋಳದ ಕಣಕಿ ಈಗ ಪ್ರತಿ ಊರಿನಲ್ಲೂ ಬಣವೆಯಾಗಿ ನಿಂತಿರುತ್ತದೆ. ಒಂದು ದಂಟು ಕೇಳಿ ತೆಗೆದುಕೊಳ್ಳಿ. ಗೆಣ್ಣಿನಿಂದ ಗೆಣ್ಣಿಗೆ ಕತ್ತರಿಸಿ, ಸಿಬರು ಸುಲಿದರೆ ಒಳಗೆ ಬೆಳ್ಳನೆಯ ಹಗುರ ಬೆಂಡು. ಬೆರಳುದ್ದ ಸಾಕು. ಸೂಜಿಯಿಂದ ತೂತು ಮಾಡಿ ದಾರ ಪೋಣಿಸಿ, ಸಿಬರಿನ ಚೂರೊಂದನ್ನು ಬೆಣೆಯಾಗಿ ತುರುಕಿ. ಜಿಲೇಬಿ ಮೂಗು ತಾಗಿಸಿದರೂ ಇದು ನಡುಗುತ್ತದೆ. ಗೆಂಡೆಯ ರೀತಿ ಬೇರೆ: ಬೆಂಡು ಒಮ್ಮೆ ಎದ್ದು, ಅಡ್ಡ ಮಲಗಿ, ಆಮೇಲೆ ಓರೆಯಾಗಿ ಜಾರಿ ಮುಳುಗುತ್ತದೆ. ಮಲಗಿದಾಗ ಎಳೆಯಬೇಡಿ, ಜಾರುವವರೆಗೆ ಕಾಯಿರಿ. ತೊಯ್ದ ಬೆಂಡು ಮರುದಿನಕ್ಕೆ ಬಾರದು. ದಿನಕ್ಕೊಂದು ಹೊಸದು ಮಾಡಿಕೊಳ್ಳಿ, ಮಕ್ಕಳಿಗೆ ಕೈಕೆಲಸವೂ ಆಯಿತು.

ಎರೆಗೆ ಜೋಳದ ಹಿಟ್ಟು ಎರಡು ಪಾಲು, ಪುಡಿ ಮಾಡಿದ ಶೇಂಗಾ ಹಿಂಡಿ ಒಂದು ಪಾಲು, ಮಹಾಲಿಂಗಪುರದ ಬೆಲ್ಲ ಚೂರು. ರೊಟ್ಟಿಗಿಂತ ಗಟ್ಟಿಯಾಗಿ ನಾದಿ. ಜೋಳದ ಹಿಟ್ಟಿಗೆ ಜಿಗುಟು ಕಡಿಮೆಯಾದ್ದರಿಂದ ಬಿಸಿನೀರು ಹಾಕಿ, ಹಿಡಿಯಷ್ಟು ಗೋಧಿ ಹಿಟ್ಟು ಸೇರಿಸಿ. ಗೋಲಿಯಷ್ಟು ಉಂಡೆ ಸಾಕು. ಜಿಲೇಬಿಗೆ ಬಟಾಣಿಯಷ್ಟಾದರೂ ಹೆಚ್ಚೇ, ಅದರ ಬಾಯಿ ಚಿಕ್ಕದು. ಬೇಸಿಗೆಯಲ್ಲಿ ಎರೆಹುಳು ಸಿಗುವುದು ಕಷ್ಟ. ಬಾಳೆ ತೋಟದ ಕಾಲುವೆ ಬದಿಯಲ್ಲೋ ದನದ ಕೊಟ್ಟಿಗೆಯ ಗೊಬ್ಬರದ ಮಗ್ಗುಲಲ್ಲೋ ಕೇಳಿ ಅಗೆಯಿರಿ. ಗಾಳದ ಕೋಲು, ರೀಲು, ಸಣ್ಣ ಗಾಳಗಳನ್ನು ನಿಮ್ಮ ಊರಿನಿಂದಲೇ ತನ್ನಿ. ಇಲ್ಲಿಯ ಪೇಟೆಗಳು ಬಲೆಯವರಿಗಾಗಿ ಇವೆ, ಕೋಲಿನವರಿಗಾಗಿ ಅಲ್ಲ. 0.30 ಮಿಲಿಮೀಟರ್ ದಾರ ಸಾಕು. ಗೋಡೆಗಳ ಹತ್ತಿರವಾದರೆ ಸ್ವಲ್ಪ ದಪ್ಪನೆಯದು.

ಮಳೆಯ ಲೆಕ್ಕ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಯಿಂದ ಮೇ 10ರವರೆಗೆ ಭರಣಿ, ಆಮೇಲೆ 24ರವರೆಗೆ ಕೃತ್ತಿಕಾ, 25ರಿಂದ ರೋಹಿಣಿ, ಜೂನ್ ಮೊದಲ ವಾರ ಕಳೆದರೆ ಮಿರಗ. ಭರಣಿ, ಕೃತ್ತಿಕಾದಲ್ಲಿ ಸಂಜೆ ಗುಡುಗಿ ಒಂದು ಅಡ್ಡಮಳೆ ಬಿದ್ದರೆ, ಮರುದಿನದ ಬೆಳಗು ಆ ವಾರದಲ್ಲೇ ಒಳ್ಳೆಯದು. ನೀರು ಒಂದಿಷ್ಟು ತಂಪಾಗಿರುತ್ತದೆ, ಹಳ್ಳದ ಬಾಯಿಯಲ್ಲಿ ಕೆಂಪು ನೀರಿನ ಜೊತೆ ಹುಳು-ಹುಪ್ಪಟೆ ಬಂದಿರುತ್ತದೆ. ಗೊತ್ತಿದ್ದವರು ಅಂಥ ದಿನ ನಾಲ್ಕಕ್ಕೇ ಏಳುತ್ತಾರೆ.

ರೋಹಿಣಿ ಕೂಡಿದ ಮೇಲೆ ಮಾತ್ರ ಕೈ ಹಿಡಿತದಲ್ಲಿರಲಿ. ಕಾಟ್ಲಾ, ರೋಹು, ಮೃಗಾಲ್ ಮುಂಗಾರಿನ ಹೊಸ ನೀರಿಗೆ ಮೊಟ್ಟೆ ಇಡುವ ಮೀನುಗಳು. ಮೇ ಕೊನೆಗೆ ಹೊಟ್ಟೆ ಉಬ್ಬಿದ ದೊಡ್ಡ ಹೆಣ್ಣು ಸಿಕ್ಕರೆ ಅದು ಲಕ್ಷಗಟ್ಟಲೆ ಮೊಟ್ಟೆ ಹೊತ್ತಿರುತ್ತದೆ. ಅದನ್ನು ಬಿಟ್ಟುಬಿಡಿ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು, ನೀರಿನಲ್ಲಿಯೇ ಗಾಳ ಬಿಡಿಸಿ. ಫೋಟೋ ತೆಗೆಯಲು ಕಾದ ಬಂಡೆಯ ಮೇಲೆ ಮಲಗಿಸಿದ ಮೀನು ನೀರಿಗೆ ಹೋದರೂ ಬದುಕುವುದು ಕಷ್ಟ. ಜಿಲೇಬಿಗೆ ಈ ರಿಯಾಯಿತಿ ಬೇಕಿಲ್ಲ. ಅದು ವರ್ಷವಿಡೀ ಮರಿ ಮಾಡುತ್ತದೆ, ಎಷ್ಟು ಬೇಕೋ ಹಿಡಿಯಿರಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮರಳಿ ನೀರಿಗೆ ಬಿಡಬೇಡಿ. ದೇಶದಲ್ಲಿ 2000ನೇ ಇಸವಿಯಿಂದ ಅದರ ಸಾಕಣೆ ನಿಷಿದ್ಧ.

ಕೇಳಿ ಕೂರಿ

ನೀರು ಖಾಲಿ ಕಂಡರೂ ಯಾರದೂ ಅಲ್ಲದ ನೀರು ಇಲ್ಲಿಲ್ಲ. ಕೆರೆಗಳು ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಗುತ್ತಿಗೆಯಲ್ಲಿರುತ್ತವೆ. ದೊಡ್ಡ ಜಲಾಶಯದಲ್ಲಿ ಪರವಾನಗಿ ಪಡೆದವರು ಹಿಡಿಯುತ್ತಾರೆ. ಇದಕ್ಕೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮವಿದೆ. ಸಿಡಿಮದ್ದು, ವಿಷ ಹಾಕುವುದು ಅಪರಾಧ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಎರಡು ವಿಷಯ ಕೇಳಿ: ನೀವು ಹೋಗುವ ನೀರು ಯಾರ ಗುತ್ತಿಗೆಯಲ್ಲಿದೆ, ಮತ್ತು ಮಳೆಗಾಲದ ನಿಷೇಧ ಈ ವರ್ಷ ಯಾವಾಗಿನಿಂದ. ಬಳಿಕ ದಂಡೆಯಲ್ಲಿರುವ ಅಂಬಿಗರನ್ನು ಕೇಳಿ. “ಕಾಕಾ, ಇಲ್ಲಿ ಒಂದ್ ಗಾಳ ಹಾಕಲೇನ್ರಿ?” ಎಂದರೆ ಬೇಡ ಎಂದವರನ್ನು ನಾನು ಕಂಡಿದ್ದು ಕಡಿಮೆ. ಅವರ ಬಲೆ ಕಟ್ಟಿದ ಗೂಟ, ತೇಲುವ ಬಾಟಲಿಗಳಿಂದ ದೂರ ಕೂರಿ. ನಿಮ್ಮ ಗಾಳ ಸಿಕ್ಕಿ ಹರಿದ ಬಲೆ ಒಂದು ಮನೆಯ ವಾರದ ದುಡಿಮೆ. ಬ್ಯಾರೇಜಿನ ಗೇಟು, ಜಾಕ್‌ವೆಲ್‌ಗಳ ಹತ್ತಿರ ಹೋಗುವುದೇ ಬೇಡ. ಮುಧೋಳ-ಬೀಳಗಿ ನಡುವಿನ ಯಡಹಳ್ಳಿ ಚಿಂಕಾರ ವನ್ಯಧಾಮದೊಳಗಿನ ಹೊಂಡಗಳೂ ಲೆಕ್ಕಕ್ಕಿಲ್ಲ. ಅವು ಚಿಂಕಾರಗಳ ಬೇಸಿಗೆಯ ನೀರು.

ಈಗ ಜೀವದ ಮಾತು. ಈ ಕೃಷ್ಣೆಯಲ್ಲಿ ಮೊಸಳೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದು ಮಡುಗಳಿಗೆ ಸೀಮಿತವಾದಾಗ ಮೊಸಳೆಯೂ ಮೀನೂ ನೀವೂ ಒಂದೇ ಜಾಗಕ್ಕೆ ಬರುತ್ತೀರಿ. ನೀರಂಚಿನಿಂದ ನಾಲ್ಕೈದು ಮಾರು ಹಿಂದೆ ಕೂರಿ, ನೀರಿಗೆ ಬೆನ್ನು ಹಾಕಬೇಡಿ. ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ಕಾಲ ಬುಡದ ನೀರಿನಲ್ಲಿ ಬಿಡುವ ಅಭ್ಯಾಸ ಇಲ್ಲಿ ಬೇಡ. ಮೀನಿನ ಕರುಳು ನೀರಿಗೆ ಎಸೆಯಬೇಡಿ. ಕತ್ತಲಲ್ಲಿ ಇರಬೇಡಿ. ದಂಡೆಯ ಕೆಸರಿನಲ್ಲಿ ಹೊಟ್ಟೆ ಎಳೆದ ಅಗಲ ಗುರುತು, ಎರಡೂ ಬದಿಗೆ ಉಗುರಿನ ಹೆಜ್ಜೆ ಕಂಡರೆ ಆ ಜಾಗ ಬಿಟ್ಟು ನಡೆಯಿರಿ. ಗಾಳಕ್ಕೆ ಆಮೆ ಸಿಕ್ಕರೆ ದಾರ ಕತ್ತರಿಸಿ ಬಿಟ್ಟುಬಿಡಿ, ಮೊಸಳೆಗೂ ಆಮೆಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಮೊಸಳೆಗಿಂತ ಹೆಚ್ಚು ಜನರನ್ನು ಕಾಡುವುದು ಹುದುಲು. ಹಿನ್ನೀರು ಇಳಿದಲ್ಲಿ ಎರೆ ಮಣ್ಣು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ. ಒಳಗೆ ಅಂಬಲಿಯಂತಿರುತ್ತದೆ. ಕೋಲಿನಿಂದ ಚುಚ್ಚಿ ನೋಡದೆ ಹೆಜ್ಜೆ ಇಡಬೇಡಿ. ದನ ಹೋದ ದಾರಿಯಲ್ಲೇ ಹೋಗಿ. ಉಸುಕು ತೆಗೆದ ಗುಂಡಿಗಳು ನೀರೊಳಗೆ ಕಾಣುವುದಿಲ್ಲ, ಮಕ್ಕಳನ್ನು ಈಜಲು ಬಿಡಬೇಡಿ. ಸಂಜೆ ಮೋಡ ಕಟ್ಟಿದರೆ ಕಾರ್ಬನ್ ಕೋಲು ಮೊದಲು ಕೆಳಗಿಡಿ, ಅದು ಮಿಂಚು ಹಾಯುವ ವಸ್ತು. ಒಂಟಿ ಮರದಡಿ ನಿಲ್ಲದೆ ಗಾಡಿಯೊಳಗೋ ಮನೆಯೊಳಗೋ ಸೇರಿಕೊಳ್ಳಿ. ಮಿರಗದ ಮುಂಚೆ ಬಾಂದಾರಗಳ ಹಲಗೆ ಎತ್ತುತ್ತಾರೆ. ಆ ದಿನಗಳಲ್ಲಿ ಕೆಳಗಿನ ಒಣ ಪಾತ್ರದಲ್ಲಿ ಕೂತವರಿಗೆ ನೀರು ಬರುವ ಸದ್ದು ಕೇಳುವ ಹೊತ್ತಿಗೆ ನೀರೇ ಬಂದಿರುತ್ತದೆ.

ಬರುವುದು, ಉಣ್ಣುವುದು

ರೈಲಿನವರಿಗೆ ಬೀಳಗಿ ಕಡೆಗೆ ಬಾಗಲಕೋಟೆ ಅಥವಾ ಆಲಮಟ್ಟಿ, ರಬಕವಿ-ಬನಹಟ್ಟಿ ಕಡೆಗೆ ಕುಡಚಿ ನಿಲ್ದಾಣ. ವಿಮಾನದವರು ಬೆಳಗಾವಿಗೋ ಹುಬ್ಬಳ್ಳಿಗೋ ಇಳಿಯಬೇಕು. ಸಾರಿಗೆ ಬಸ್ಸು ಊರಿಂದೂರಿಗೆ ಸಾಕಷ್ಟಿವೆ. ಆದರೆ ನಸುಕಿನ ಐದಕ್ಕೆ ದಂಡೆ ಮುಟ್ಟಿಸುವ ಬಸ್ಸಿಲ್ಲವಾದ್ದರಿಂದ ಸ್ವಂತ ಗಾಡಿ ಅಥವಾ ನೆಂಟರ ಬೈಕು ಬೇಕು. ಜಮಖಂಡಿಯಲ್ಲಿ ವಸತಿ ಮಾಡಿಕೊಂಡರೆ ಹಿಪ್ಪರಗಿ, ಚಿಕ್ಕಪಡಸಲಗಿ ಎರಡೂ ಹತ್ತಿರ. ಮೇ ಮದುವೆಯ ತಿಂಗಳು, ಲಾಡ್ಜು ಮೊದಲೇ ಹೇಳಿಡಿ. ತಲೆಗೆ ರುಮಾಲು, ಒಬ್ಬರಿಗೆ ನಾಲ್ಕು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ, ಕಟಕ ರೊಟ್ಟಿ, ಶೇಂಗಾ ಚಟ್ನಿ ಇಷ್ಟು ಜೊತೆಗಿದ್ದರೆ ಬೆಳಗಿನ ಸರದಿ ಮುಗಿಯುತ್ತದೆ.

ಮೀನು ಸಿಗದ ದಿನ ಬೀಳಗಿ ದಾಟಿ ಕೊರ್ತಿ-ಕೊಲ್ಹಾರ ಸೇತುವೆಯ ಕಡೆ ಹೋಗಿ. ಹೊಳೆ ಮೀನು ಖಾರ ಹಚ್ಚಿ ಕರಿದು ಕೊಡುವ ಖಾನಾವಳಿಗಳಿವೆ, ಆಚೆ ದಡದ ಕೊಲ್ಹಾರದಲ್ಲಿ ಮಡಕೆಯ ಗಟ್ಟಿ ಮೊಸರಿದೆ. ಸಿಕ್ಕ ದಿನ ಮಾತ್ರ ತಡ ಮಾಡಬೇಡಿ. ಈ ಬಿಸಿಲಿಗೆ ಮೀನು ಎರಡು ತಾಸಿನಲ್ಲಿ ಕೆಡುತ್ತದೆ. ದಂಡೆಯಿಂದ ದೂರ ಬಂದು ಹೊಟ್ಟೆ ಸೀಳಿ, ಕಿವಿರು ತೆಗೆದು, ಕರಿಯ ಪೊರೆಯನ್ನು ಬೆರಳಿನಿಂದ ಒರೆಸಿ, ಉಪ್ಪು ಅರಿಶಿಣ ಸವರಿ ಒದ್ದೆ ಗೋಣಿಯಲ್ಲಿ ಸುತ್ತಿ. ಐಸು ಬೇಕಾದರೆ ಮೀನು ಮಾರುವವರ ಬಳಿ ಬೆಳಗ್ಗೆ ಹೋಗುವಾಗಲೇ ತೆಗೆದುಕೊಳ್ಳಿ, ಒಂಬತ್ತರ ಮೇಲೆ ಅವರ ಪೆಟ್ಟಿಗೆಯಲ್ಲಿ ಬರೀ ನೀರು ಉಳಿದಿರುತ್ತದೆ.